ಸಾಹೇಬನ ಬಾಟ್ಲಿ, ನಿಮ್ಮಪ್ಪನ ಮೂಗು

ಬೆಟಗೇರಿ
೨೦ ಜನವರಿ ೧೯೫೭

ನನ್ನ ಮುದ್ದು ಮಗಳು ಮಂಜವ್ವನಿಗೆ ಅವ್ವನ ತುಂಬು ಮನಸ್ಸಿನ ಆಶೀರ್ವಾದ. ಬೆಳ್ಳಟ್ಟಿಯಲ್ಲಿ ಅಳಿಯಂದಿರು, ನಿಮ್ಮ ಅತ್ತೆ-ಮಾವ, ಕೂಸು ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ.

ನಿನ್ನ ಪತ್ರ ಮುಟ್ಟಿತು. ಸಿಟ್ಟಿನಲ್ಲಿ ಬರೆದಿದ್ದೀ, ಆದರೆ ಸಿಟ್ಟಿನ ಕೆಳಗಿನ ಅಳು ನನಗೆ ಕಂಡಿತು. ದೀಪಾವಳಿಗೆ ಅಂಟಿನ ಉಂಡಿ ಕಳಿಸಿದೆ, ಸಂಕ್ರಮಣಕ್ಕೆ ಮಾದಲಿ ಕಳಿಸಿದೆ, ಅಪ್ಪ ‘ಛಲೋ ಆಗೇತಿ’ ಅನ್ನುವುದರಾಚೆ ಒಂದು ಮಾತೂ ಆಡಲಿಲ್ಲ, ನನ್ನ ಮೇಲೆ ಅವರಿಗೆ ಏನು ಬೇಸರ ಎಂದು ಕೇಳಿದ್ದೀ. ತುಪ್ಪ ಎಮ್ಮೆಯದೋ ಆಕಳದೋ, ಏಲಕ್ಕಿ ಈ ವರ್ಷದ್ದೋ ಹಳೆಯದೋ ಎಂದು ಹೇಳಿ ನಿನ್ನನ್ನು ನಗಿಸುತ್ತಿದ್ದ ಅಪ್ಪ ಅಷ್ಟಕ್ಕೇ ನಿಲ್ಲಿಸಿದರೆ ನೋವಾಗುವುದು ಸಹಜ. ಬೇಸರ ಏನೂ ಇಲ್ಲ ಮಗಳೇ. ಹೋದ ಬೇಸಿಗೆಯ ಜ್ವರದಲ್ಲಿ ನಿಮ್ಮಪ್ಪನಿಗೆ ವಾಸನೆ ತಿಳಿಯುವುದೇ ನಿಂತುಹೋಯಿತು. ಸಿಹಿ, ಖಾರ, ಕಹಿ ನಾಲಿಗೆಗೆ ಗೊತ್ತಾಗುತ್ತವೆ. ಅದರಾಚೆ ಏನೂ ಇಲ್ಲ.

ನನಗೂ ಅವರು ಹೇಳಿರಲಿಲ್ಲ. ಒಂದು ದಿನ ಒಲೆಯ ಮೇಲೆ ಹಾಲಿಟ್ಟು ನಾನು ಹಿತ್ತಲಿಗೆ ಹೋಗಿದ್ದೆ. ಬರುವಷ್ಟರಲ್ಲಿ ಹಾಲು ಉಕ್ಕಿ, ಸೀದು, ಮನೆ ತುಂಬ ಕಮಟು ವಾಸನೆ. ನಿಮ್ಮಪ್ಪ ಒಲೆಯ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು. ತಲೆ ಎತ್ತಲಿಲ್ಲ. ನಾನು ಪಾತ್ರೆ ಇಳಿಸಿ ಒಲೆ ಒರೆಸಿದೆ. ನನಗೆ ತಿಳಿಯಿತೆಂದು ಅವರಿಗೂ ತಿಳಿಯಿತು. ಇಬ್ಬರೂ ಬಾಯಿ ಬಿಡಲಿಲ್ಲ. ನಿನಗೆ ಬರೆಯೋಣವೆಂದರೆ ಬಾಣಂತಿ, ಹಾಲು ಬತ್ತೀತೆಂದು ಹೆದರಿದೆ.

ಇದು ಬೇರೆಯವರಿಗೆ ಸಣ್ಣ ಸಂಗತಿ. ಆದರೆ ನಿಮ್ಮಪ್ಪ ಮುಂಬಯಿಯಲ್ಲಿ ಮಾಡುತ್ತಿದ್ದ ಕೆಲಸವನ್ನು ನಿನಗೆ ಯಾರೂ ಬಿಡಿಸಿ ಹೇಳಿರಲಿಕ್ಕಿಲ್ಲ. ಪಾರ್ಸಿ ಸೇಠನ ಕೋಠಿಯಲ್ಲಿ, ಹಡಗಿನಿಂದ ಇಳಿದ ವಿಲಾಯತಿ ದಾರುವನ್ನು ಮೂಸಿ, ನಾಲಿಗೆಗೆ ಮುಟ್ಟಿಸಿ, ಉಗುಳಿ, ಇದರ ಗುಣ ಇಂಥದ್ದು ಎಂದು ಹೇಳುವುದು. ಒಂದು ಗುಟುಕೂ ನುಂಗಿದವರಲ್ಲ. ಆದರೂ ಸಂಜೆ ಬಂದಾಗ ನಾನು ಅವರ ಕೋಟನ್ನು ಬಾಗಿಲ ಹೊರಗೇ ತೂಗುಹಾಕಿಸುತ್ತಿದ್ದೆ, ಸ್ನಾನವಾಗದೆ ದೇವರ ಜಗಲಿಯ ಹತ್ತಿರ ಬಿಡುತ್ತಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಪಾನಬಂದಿ ಬಂತು. ಕೋಠಿ ಮುಚ್ಚಿತು. ಊರಿಗೆ ಬಂದು ಇಲ್ಲಿನ ಹತ್ತಿ ಪ್ರೆಸ್ಸಿನಲ್ಲಿ ಇಂಗ್ಲಿಷ್ ಪತ್ರ ಬರೆಯುವ ಕೆಲಸ ಹಿಡಿದರು.

ಆ ಪ್ರೆಸ್ಸಿಗೆ ಹೊಸ ಯಂತ್ರ ಕೂಡಿಸಲು ಅಮೆರಿಕದಿಂದ ಎಲ್ಡನ್ ಎಂಬ ಸಾಹೇಬ ಬಂದಿದ್ದಾನೆ. ಕರ್ನಾಟಕ ಒಂದಾಯಿತೆಂದು ಊರೆಲ್ಲ ಪೇಡೆ ಹಂಚಿದ ದಿನಗಳಲ್ಲಿ ಅವನಿಗೆ ಮನೆಯಿಂದ ಒಂದು ಬಾಟ್ಲಿ ಬಂತು. ಬರ್ಬನ್ ಎಂಬ ವಿಸ್ಕಿ. ಅವನ ತಂದೆ ತನ್ನ ಹೊಲದ ಕಾಳಿನಿಂದ ಮಾಡಿಸಿ, ಒಳಗೆಲ್ಲ ಸುಟ್ಟು ಕಪ್ಪಾಗಿಸಿದ ಓಕ್ ಮರದ ಪೀಪಾಯಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಇಟ್ಟಿದ್ದು, ಅದರಿಂದ ರುಚಿ ನೋಡಲೆಂದು ಒಂದಿಷ್ಟು ತೆಗೆದು ಕಳಿಸಿದ್ದರು. ಪ್ರತಿ ವರ್ಷವೂ ಮುಂದಿನ ವರ್ಷ ತೆಗೆಯೋಣ ಎನ್ನುತ್ತಲೇ ಮುದುಕ ತೀರಿಕೊಂಡನಂತೆ. ಅದು ಕೆಟ್ಟಿದೆ, ಪೀಪಾಯಿಯಲ್ಲಿದ್ದದ್ದನ್ನು ಚೆಲ್ಲಿಬಿಡೋಣ ಎಂದು ಸಾಹೇಬನ ಅಣ್ಣ. ಚೆಲ್ಲಿದರೆ ನಾನು ಈ ಮನೆಯಲ್ಲಿ ಇರುವುದಿಲ್ಲ ಎಂದು ತಾಯಿ. ಸಾಹೇಬ ನಿಮ್ಮಪ್ಪನಿಗೆ, ಕುಡಿದರೆ ನನಗೆ ಅಳು ಬರುತ್ತದೆಯೇ ಹೊರತು ರುಚಿ ತಿಳಿಯುವುದಿಲ್ಲ, ನೀವು ನೋಡಿ ಇದ್ದದ್ದನ್ನು ಇದ್ದಂತೆ ಹೇಳಿರಿ ಎಂದು ಕೇಳಿಕೊಂಡ. ಅವನ ಬಳಿ ಕುಡಿಯಲು ಪರ್ಮಿಟ್ಟು ಇತ್ತು, ಮುಂಬಯಿ ಸರ್ಕಾರ ಕೊಟ್ಟದ್ದು. ಮೈಸೂರು ಸರ್ಕಾರದಲ್ಲೂ ಅದು ನಡೆಯುತ್ತದೆಂದು ಕಚೇರಿಯವರು ಹೇಳಿದ್ದರು. ನಮ್ಮಲ್ಲಿ ಪರ್ಮಿಟ್ಟು ಯಾರಿಗಿದೆ? ಬರೀ ಮೂಸಲು ಪರ್ಮಿಟ್ಟು ಬೇಕಿಲ್ಲವೆಂದು ನಿಮ್ಮಪ್ಪ ಒಪ್ಪಿಕೊಂಡರು.

ಆ ಭಾನುವಾರ ಮಧ್ಯಾಹ್ನ ಕೋಟು ಹಾಕಿಕೊಂಡು, ಬಾಗಿಲಲ್ಲಿ ನಿಂತು, ನನ್ನನ್ನೂ ಬಾ ಎಂದರು. ಅಂಥ ಕೆಲಸಕ್ಕೆ ನನ್ನನ್ನು ಕರೆದದ್ದು ಅದೇ ಮೊದಲು. ಮಹಬೂಬಸಾಬನ ಟಾಂಗಾದಲ್ಲಿ ಪ್ರೆಸ್ಸಿನ ಆವರಣದಲ್ಲಿರುವ ಸಾಹೇಬನ ಬಂಗಲೆಗೆ ಹೋದೆವು.

ಸಾಹೇಬ ಕೈಯಾರೆ ಗ್ಲಾಸಿಗೆ ಹಾಕಿ ಕೊಟ್ಟ. ಹೊಸ ತಾಮ್ರದ ಕೊಡದ ಬಣ್ಣ. ನಿಮ್ಮಪ್ಪ ಅದನ್ನು ಬೆಳಕಿಗೆ ಹಿಡಿದು ಹೊರಳಿಸಿ, ಗ್ಲಾಸಿನ ಒಳಮೈಯಲ್ಲಿ ಅದು ನಿಧಾನವಾಗಿ ಇಳಿಯುವುದನ್ನು ನೋಡಿದರು. ಅಲ್ಲಿಯವರೆಗೆ ಹಳೆಯ ಮನುಷ್ಯನೇ. ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದರು. ಏನಾದರೂ ಒಂದು ಹೇಳಿಬಿಟ್ಟಿದ್ದರೆ ನಡೆದುಹೋಗುತ್ತಿತ್ತು, ಸಾಹೇಬ ನಂಬುತ್ತಿದ್ದ. ಕಣ್ಣು ತೆರೆದು ಇಂಗ್ಲಿಷಿನಲ್ಲಿ ನಿಧಾನವಾಗಿ ಏನೋ ಹೇಳಿದರು. ನನ್ನ ಕಡೆ ತಿರುಗಿ ಅದನ್ನೇ ನಮ್ಮ ಮಾತಿನಲ್ಲಿ ಹೇಳಿದರು:

“ನನ್ನ ಮೂಗು ಸತ್ತೈತಿ, ನನ್ನ ಹೆಂಡತಿ ಮೂಗಿಲೆ ನೋಡ್ತೀನಿ ಅಂತ ಹೇಳೇನಿ. ನೀ ಒಲ್ಲೆ ಅಂದ್ರ ಎದ್ದು ಹೋಗೂಣು.”

ಮಂಜವ್ವ, ಆ ಮಾತು ಹೇಳುವಾಗ ಅವರ ದನಿ ನಡುಗಲಿಲ್ಲ. ಕೊಡ್ರಿ ಇತ್ತ ಅಂದೆ. ಸಾಹೇಬ ಎದ್ದು ನನಗೆ ಕುರ್ಚಿ ಸರಿಸಿದ.

ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಮೂಸಿದೆ. ಡಾಕ್ಟರು ಸೂಜಿ ಚುಚ್ಚುವ ಮೊದಲು ಒರೆಸುವ ಸ್ಪಿರಿಟ್ಟಿನ ಹಾಗೆ ಮೂಗಿಗೆ ಹೊಡೆಯಿತು. ಅದನ್ನು ಬಿಡು, ಅದು ಎಲ್ಲದರಾಗೂ ಇರತೈತಿ, ಬಾಯಿ ತುಸು ತೆರೆದುಕೊಂಡು ಮೆಲ್ಲಗೆ ನೋಡು ಎಂದರು. ನೋಡಿದೆ. ಗಾಣದ ಮನೆಯಲ್ಲಿ ಬೆಲ್ಲದ ಕೊಪ್ಪರಿಗೆಯ ಅಂಚು ಸೀಯುತ್ತದಲ್ಲ, ಆ ವಾಸನೆ. ಅದರ ಹಿಂದೆ ಲವಂಗ, ಜಾಜಿಕಾಯಿ. ಹೇಳುತ್ತ ಹೋದೆ, ಅವರು ಸಾಹೇಬನಿಗೆ ಹೇಳುತ್ತ ಹೋದರು. ಆಮೇಲೆ ಬೆರಳಿನಿಂದ ಕೆಲವು ಹನಿ ನೀರು ಬಿಟ್ಟು, ಮತ್ತೆ ನೋಡು ಎಂದರು. ಈ ಸಲ ಬೇರೆಯೇ ಬಂತು.

“ಗೊಂಜಾಳ ತೆನಿ ಕೆಂಡದ ಮ್ಯಾಲೆ ಸುಟ್ಟಂಗ ಐತ್ರಿ,” ಅಂದೆ.

ನಿಮ್ಮಪ್ಪ ನನ್ನನ್ನೇ ನೋಡಿದರು. ಅದನ್ನು ಮಾಡುವುದೇ ಗೋವಿನಜೋಳದಿಂದ ಎಂದು ಅವರು ನನಗೆ ಯಾವತ್ತೂ ಹೇಳಿರಲಿಲ್ಲ. ಸಾಹೇಬನಿಗೆ ತಿಳಿಸಿದಾಗ ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡು, ಅಪ್ಪನ ಹೊಲ, ಅಪ್ಪನ ಹೊಲ ಎಂದನಂತೆ.

ಅಷ್ಟಕ್ಕೇ ಬಿಡಲಿಲ್ಲ ನಿಮ್ಮಪ್ಪ. ತಳದಲ್ಲಿ ಏನಿದೆ, ಮುಚ್ಚಬೇಡ ಎಂದರು. ತಳದಲ್ಲಿ ಬಹಳ ದಿನ ಬೀಗ ಹಾಕಿದ ಮನೆಯ ವಾಸನೆ ಇತ್ತು. ಹೇಳಲೋ ಬೇಡವೋ ಎಂದುಕೊಂಡು ಹೇಳಿದೆ. ಆಗ ಅವರು ಒಂದು ಹನಿ ನಾಲಿಗೆಗೆ ಮುಟ್ಟಿಸಿ ಉಗುಳಿದರು. ಪರ್ಮಿಟ್ಟಿನ ಮಾತನ್ನು ನೀನು ಎತ್ತಬೇಡ. ಕಹಿ ಇತ್ತು, ನೆಲ್ಲಿಕಾಯಿಯಂತೆ ನಾಲಿಗೆ ಹಿಡಿಯುತ್ತಿತ್ತು.

ತೀರ್ಪು ಹೀಗೆ ಕೊಟ್ಟರು: ಪೀಪಾಯಿಯಲ್ಲಿ ಇಡಬೇಕಾದ್ದಕ್ಕಿಂತ ಹೆಚ್ಚು ಕಾಲ ಇಟ್ಟಿದ್ದಾರೆ. ಮರ ಮೇಲುಗೈ ಮಾಡಿದೆ. ಕೆಲವು ವರ್ಷ ಮೊದಲೇ ತೆಗೆದಿದ್ದರೆ ಇದಕ್ಕೆ ಜೋಡಿ ಇರುತ್ತಿರಲಿಲ್ಲ, ಹಾಗಾಗಿ ಅತ್ಯುತ್ತಮ ಎಂದು ನಾನು ಹೇಳಲಾರೆ. ಆದರೆ ಮರದ ಕೆಳಗೆ ಕಾಳು ಇನ್ನೂ ಜೀವಂತ ಇದೆ. ಚೆಲ್ಲಬೇಡಿ. ಇನ್ನೊಂದು ಬೇಸಿಗೆ ಕಾಯದೆ ಬಾಟ್ಲಿಗೆ ತುಂಬಿರಿ, ಸ್ವಲ್ಪ ನೀರು ಬೆರೆಸಿ ಕುಡಿಯಿರಿ. ಸಾಹೇಬ ಅವರ ಎರಡೂ ಕೈ ಹಿಡಿದುಕೊಂಡ. ಆಮೇಲೆ ನನಗೆ ನಮ್ಮ ರೀತಿಯಲ್ಲೇ ಕೈ ಮುಗಿದ.

ಮೊನ್ನೆ ಅವನ ತಾಯಿಯಿಂದ ಕಾಗದ ಬಂತು. ಪೀಪಾಯಿಯಲ್ಲಿದ್ದದ್ದನ್ನೆಲ್ಲ ಬಾಟ್ಲಿಗೆ ತುಂಬಿದರಂತೆ. ಅಣ್ಣ ಮೊದಲ ಗ್ಲಾಸಿಗೆ ನೀರು ಹಾಕಿ ಮೂಸಿ, ಹೊರಗೆ ಹೋಗಿ ಹೊಲದ ಬದುವಿನ ಮೇಲೆ ಕೂತನಂತೆ.

ಈಗ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ, ಇವತ್ತ ಏನ ವಾಸನಿ ಐತಿ ಎಂದು ಕೇಳುತ್ತಾರೆ. ನಾನು ಹೇಳುತ್ತೇನೆ. ಅವರು ಕೇಳುತ್ತ ಉಣ್ಣುತ್ತಾರೆ, ಮೊದಲಿಗಿಂತ ಒಂದು ರೊಟ್ಟಿ ಹೆಚ್ಚು ಹೋಗುತ್ತದೆ. ಕೋಟು ಈಗ ಒಳಗಿನ ಗೂಟದಲ್ಲಿದೆ. ನೀನು ಬಂದಾಗ ಕನಿಕರ ತೋರಿಸಬೇಡ, ಅದು ಅವರಿಗೆ ಸೇರುವುದಿಲ್ಲ. ಕೂಸನ್ನು ಅವರ ತೊಡೆಯ ಮೇಲೆ ಹಾಕು. ಅದರ ನೆತ್ತಿಯ ವಾಸನೆ ಹೇಗಿದೆಯೆಂದು ಬಾಯಿಬಿಟ್ಟು ಹೇಳು. ನಾನು ಹೇಳಬಲ್ಲೆ, ಆದರೆ ಅದನ್ನು ಮಗಳ ಬಾಯಿಂದ ಕೇಳಬೇಕೆಂದು ಅವರಿಗೆ ಆಸೆಯಿದೆ.

ನಿನ್ನ ದಾರಿ ನೋಡುತ್ತಿರುವ
ಅವ್ವ,
ಗದಿಗೆವ್ವ

ತಾ.ಕ.: ಇದನ್ನು ಓದಿದ ಮೇಲೆ ಒಲೆಗೆ ಹಾಕು, ನಿಮ್ಮ ಅತ್ತೆಯವರ ಕಣ್ಣಿಗೆ ಬೀಳಬಾರದು. ಸಾಹೇಬ ನಿಮ್ಮಪ್ಪನನ್ನು ಯಂತ್ರ ತೋರಿಸಲು ಹೊರಗೆ ಕರೆದೊಯ್ದಾಗ ಗ್ಲಾಸಿನ ತಳದಲ್ಲಿ ತುಸು ಉಳಿದಿತ್ತು. ನಾನು ಕುಡಿದೆ. ಉಗುಳಲಿಲ್ಲ. ಟಾಂಗಾದಲ್ಲಿ ಮಹಬೂಬಸಾಬನಿಗೆ ಕೇಳದಂತೆ ನಿಮ್ಮಪ್ಪನ ಕಿವಿಯಲ್ಲಿ ಹೇಳಿದೆ. ಜ್ವರ ಬಂದ ಮೇಲೆ ಅವರು ನಕ್ಕದ್ದು ಅವತ್ತೇ. ನಗು ನಿಂತ ಮೇಲೆ ಕೋಠಿಯಲ್ಲಿ ಕೂತವರಂತೆ ಗಂಭೀರವಾಗಿ, ನುಂಗಿದ ಮ್ಯಾಲೆ ಏನ ಉಳೀತು ಎಂದು ಕೇಳಿದರು. ಬೆಚ್ಚಗ ಉಳೀತ್ರಿ ಅಂದೆ. ಎಷ್ಟೊತ್ತು ಉಳೀತು ಎಂದರು.

“ಇನ್ನೂ ಐತ್ರಿ,” ಅಂದೆ.