ನಮ್ಮವರು ಎಷ್ಟು ಮಂದಿ

ದೆಹಲಿ
೧೨ ಫೆಬ್ರವರಿ ೧೯೬೪

ಉಪ್ಪಿನಂಗಡಿಯ ಬೀಫಾತುಮ್ಮ ಅತ್ತಿಗೆಗೆ ಸಮದ್‌ನ ಸಲಾಂ.

ಮಾಷ್ಟ್ರ ಕೈಯಲ್ಲಿ ನೀವು ಬರೆಸಿದ ಕಾಗದ ತಲುಪಿತು. ಅದ್ರಾಮಣ್ಣ ಆ ಅರಬ್ಬಿ ಬಂದರಿನ ಆಸ್ಪತ್ರೆಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದಾರೆಂದು ತಿಳಿಯಿತು. "ಹೊರದೇಶದ ಕೆಲಸ ನೋಡುವ ಆಫೀಸಿನಲ್ಲಿ ನೀನಿದ್ದಿ. ಅಲ್ಲಿ ನಮ್ಮವರ ಆಫೀಸು ಉಂಟಲ್ಲ? ಯಾರಾದ್ರೂ ಒಮ್ಮೆ ಹೋಗಿ ನೋಡ್ಲಿಕ್ಕೆ ಹೇಳು ಮಾರಾಯ" ಎಂದಿದ್ದೀರಿ.

ಅಲ್ಲಿ ನಮ್ಮ ಕಚೇರಿ ಇಲ್ಲ ಅತ್ತಿಗೆ. ಇಲ್ಲದ್ದಕ್ಕೆ ನಾನೂ ಕಾರಣ.

ಯಾವ ಊರುಗಳಲ್ಲಿ ದೇಶದ ಕಚೇರಿ ತೆರೆಯಬೇಕೆಂದು ಹೋದ ವರ್ಷ ಪಟ್ಟಿ ಮಾಡುವಾಗ ಆ ಬಂದರಿನ ಹಾಳೆ ನನ್ನ ಮೇಜಿಗೆ ಬಂದಿತ್ತು. ನಾನು ಕರಾವಳಿಯವನೆಂದು ಮೇಲಧಿಕಾರಿ ನನ್ನನ್ನೇ ಕೇಳಿದರು, ಅಲ್ಲಿ ನಮ್ಮವರು ಎಷ್ಟು ಮಂದಿ ಎಂದು. 'ಯಾರೂ ಇಲ್ಲ' ಎಂದು ಬರೆದುಕೊಟ್ಟೆ. ಅಣ್ಣ ಪಾಸ್‌ಪೋರ್ಟ್ ಇಲ್ಲದೆ ಸರಕಿನ ಹಾಯಿಹಡಗು ಮಂಜಿ ಹತ್ತಿ ಹೋದವರು. ಅದು ಹೊರಗೆ ಬಂದರೆ ನನ್ನ ಕೆಲಸಕ್ಕೆ ಕುತ್ತು ಎಂದು ಹೆದರಿದೆ. ಆ ಊರು ಪಟ್ಟಿಯಿಂದ ಬಿಟ್ಟುಹೋಯಿತು.

ಅದೇ ಮಂಜಿಯಲ್ಲಿ ಹೋದವರೆಲ್ಲರ ಹೆಸರು, ತಂದೆಯ ಹೆಸರು, ಊರು ಬರೆಸಿ ಕಳಿಸಿ. ಕಾಣಿಯೂರಿನಿಂದ ಹೋದವರ ಮನೆಗಳಲ್ಲೂ ಕೇಳಿಸಿ. ಆ ಊರನ್ನು ಪಟ್ಟಿಗೆ ಸೇರಿಸಿ ಎಂದು, ಎಲ್ಲಕ್ಕಿಂತ ಮೇಲೆ ಅಣ್ಣನ ಹೆಸರು ಬರೆದು ನಾನೇ ಮೇಲಧಿಕಾರಿಗೆ ಕೊಡುತ್ತೇನೆ. ಕೆಲಸ ಹೋದರೆ ಹೋಗಲಿ.

ಮಾಷ್ಟ್ರೇ, ಅತ್ತಿಗೆಗೆ ಓದಿ ಹೇಳುವಾಗ ನನ್ನ ಮಾನ ಉಳಿಸಲಿಕ್ಕೆಂದು ಯಾವ ಸಾಲನ್ನೂ ಬಿಡಬೇಡಿ.

ಇಲ್ಲಿ 'ನಿಮ್ಮವನು' ಎಂದು ಬರೆಯಬೇಕಿತ್ತು. ಕೈ ಬರುವುದಿಲ್ಲ.

ಸಮದ್