ಎಂಟನೇ ಪೈಪರ್

ಸೆಪ್ಟೆಂಬರ್ 12, ಶುಕ್ರವಾರ

ಮತ್ತೆ ಶಾಲೆಯ ಪಾರ್ಕಿಂಗ್. ಮತ್ತೆ ಕಾಯುವ ಕೆಲಸ. ಕಾರಿನಲ್ಲಿ ಎಸಿ ಹಾಕಿಕೊಂಡು ಕೂತು ಮೊಬೈಲ್‌ನಲ್ಲಿ ಇದನ್ನು ಕುಟ್ಟುತ್ತಿದ್ದೇನೆ. ಒಳಗೆ ಬ್ಯಾಗ್‌ಪೈಪ್ ಬ್ಯಾಂಡಿನ ಪ್ರಾಕ್ಟೀಸ್. ಮೊದಲ ವರ್ಷ ಆ ದನಿ ಕೇಳಿ, ಕರು ಕಳೆದುಕೊಂಡ ಎಮ್ಮೆ ಅರಚಿದ ಹಾಗಿದೆ ಎಂದಿದ್ದೆ. ಮಗಳು ಸೌಂದರ್ಯಾ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಈಗ ಕಿವಿ ಪಳಗಿದೆ. ಅದಿಲ್ಲದ ಶುಕ್ರವಾರ ಬಣಬಣ ಅನಿಸುತ್ತದೆ.

ಮನೆಯಲ್ಲಿ ಊದುವ ಹಾಗಿಲ್ಲ. ಕುವೈತಿನ ಮೈದಾನ್ ಹವಲ್ಲಿಯ ನಮ್ಮ ಫ್ಲ್ಯಾಟ್‌ನಲ್ಲಿ ಕುಕ್ಕರ್ ಎಷ್ಟು ಸೀಟಿ ಹೊಡೆಯಿತೆಂದು ಪಕ್ಕದ ಮನೆಯವರು ಹೇಳಬಲ್ಲರು. ಹೋದ ವರ್ಷ ಒಂದೇ ಒಂದು ಸಂಜೆ ಊದಿದಳು. ಬಿಲ್ಡಿಂಗ್ ನೋಡಿಕೊಳ್ಳುವ ಹಾರಿಸ್ ಓಡಿ ಬಂದು ಬಾಗಿಲು ಬಡಿದ. ‘ಮೇಡಂ, ಖಲಾಸ್! ಖಲಾಸ್!’ ಅಂದಿನಿಂದ ಪೈಪ್ ಪೆಟ್ಟಿಗೆಯಲ್ಲಿ. ಮನೆಯಲ್ಲಿ ಪ್ರಾಕ್ಟೀಸ್ ಚಾಂಟರ್ ಮಾತ್ರ. ಚೀಲವಿಲ್ಲದ, ಸಣ್ಣ ದನಿಯ, ಕೊಳಲಿನಂಥದ್ದು. ಬಾತ್‌ರೂಮಿನಲ್ಲಿ ಸ್ಟೂಲ್ ಹಾಕಿಕೊಂಡು ಬೆರಳು ಓಡಿಸುತ್ತಾಳೆ.

ಕುಶಾಲ್‌ಗೆ ಆ ತಾಪತ್ರಯವಿಲ್ಲ. ಅವಳ ಜೊತೆ ಬ್ಯಾಂಡಿನಲ್ಲಿ ಊದುವ ಹುಡುಗ. ಅವನಪ್ಪ ಮಧುಸೂದನ್, ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ವಿಲ್ಲಾ ಇದೆ, ವಿಲ್ಲಾಗೆ ಬೇಸ್‌ಮೆಂಟ್ ಇದೆ. ಊದಲಿ ಬಿಡಿ. ಹೊಟ್ಟೆಕಿಚ್ಚಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಸೆಪ್ಟೆಂಬರ್ 19, ಶುಕ್ರವಾರ

ಗಲ್ಫ್ ಶಾಲೆಗಳ ಪೈಪ್ ಬ್ಯಾಂಡ್ ಸ್ಪರ್ಧೆ ಈ ಸಲ ಕುವೈತ್‌ನಲ್ಲೇ. ಅಕ್ಟೋಬರ್ ಕೊನೆಗೆ. ಸ್ಕಾಟ್ಲೆಂಡ್‌ನಿಂದ ಜಡ್ಜ್ ಬರುತ್ತಾರಂತೆ. ಕನಿಷ್ಠ ಎಂಟು ಪೈಪರ್ ಇದ್ದರೆ ಮಾತ್ರ ಎಂಟ್ರಿ. ಕೋಚ್ ಆಂಥೋನಿ ಸರ್ ಎಂಟು ಹೆಸರು ಓದಿದರು. ಮಂಗಳೂರಿನವರು, ಫೌಜಿನ ಬ್ಯಾಂಡಿನಲ್ಲಿ ಊದಿ ರಿಟೈರ್ ಆದವರು, ಸುಮ್ಮಸುಮ್ಮನೆ ಯಾರನ್ನೂ ಹೊಗಳುವವರಲ್ಲ.

ಎಂಟನೆಯ ಹೆಸರು ನನ್ನ ಮಗಳದು!

ಗದಗಿಗೆ ಫೋನ್ ಹಚ್ಚಿದೆ. ಅತ್ತೆಗೆ ತಿಳಿಸಿ ಹೇಳುವುದರಲ್ಲಿ ಸಾಕಾಯಿತು.

‘ಏನದು ಊದೂದು? ಶಹನಾಯಿ ಏನು?’

‘ಅಲ್ರಿ ಅತ್ತಿ. ಬಗಲಾಗ ಒಂದು ಚೀಲ ಇಟ್ಕೊಂಡು ಊದೂದು.’

‘ಅಯ್ಯ, ಹುಡುಗಿ ಉಸುರು ಕಟ್ಟೀತು. ಬ್ಯಾಡ ಅನ್ನವಾ.’

ಉಸಿರು ಕಟ್ಟುವುದಿಲ್ಲ ಅತ್ತೆ. ನಿಮ್ಮ ಮೊಮ್ಮಗಳು ಗಟ್ಟಿ.

ಸೆಪ್ಟೆಂಬರ್ 27

ನಿನ್ನೆ ಪ್ರಾಕ್ಟೀಸಿನ ವೀಡಿಯೊ ಮಾಡಿದೆ. ಕೆನ್ನೆ ಉಬ್ಬಿಸಿ, ಗದ್ದ ಎತ್ತಿ, ಎಡಗೈ ಕೆಳಗೆ ಚೀಲ ಅವುಚಿಕೊಂಡು ನಡೆಯುತ್ತಾಳೆ. ಬೆರಳು ಜಿಂಕೆ ಹಾಗೆ. ಎಲ್ಲ ಗ್ರೂಪಿಗೂ ಹಾಕಿದೆ. ಆಫೀಸಿನ ಫಿಲಿಪೈನ್ ಹುಡುಗಿಗೂ ತೋರಿಸಿದೆ. ‘ನಡುವೆ ಕೇಳಿಸುತ್ತದಲ್ಲ, ಅದು ನನ್ನ ಮಗಳದು’ ಎಂದು ಎಲ್ಲರಿಗೂ ಹೇಳಿದೆ. ಎಂಟು ಜನ ಒಟ್ಟಿಗೆ ಊದುವಾಗ ಯಾರದು ಯಾವ ದನಿ ಎಂದು ದೇವರಿಗೂ ಗೊತ್ತಾಗುವುದಿಲ್ಲ. ತಾಯಿಗೆ ಗೊತ್ತಾಗುತ್ತದೆ.

ಅಕ್ಟೋಬರ್ 4, ಶನಿವಾರ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಚೀಲದ ಮಖಮಲ್ ಗವಸು ಬೆವರು ವಾಸನೆ ಹೊಡೆಯುತ್ತಿತ್ತು. ಒಗೆಯೋಣವೆಂದು ಕೊಳವೆಗಳನ್ನು ಬಿಚ್ಚಿದೆ. ಹೆಗಲ ಮೇಲೆ ನಿಲ್ಲುವ ಮೂರು ಉದ್ದ ಕೊಳವೆಗಳ ಬುಡದಲ್ಲಿ ಬೂಚು. ಔಷಧದ ಬಾಟಲಿಗೆ ಇರುತ್ತದಲ್ಲ, ಅಂಥದ್ದು. ಬೆರಳಾಡಿಸುವ ಚಾಂಟರ್‌ನ ತಲೆಯಲ್ಲಿ, ದನಿ ಹುಟ್ಟಿಸುವ ರೀಡ್ ಇರಬೇಕಾದ ಜಾಗದಲ್ಲೂ ಬೂಚು. ಒಟ್ಟು ನಾಲ್ಕು. ಎಲ್ಲ ಬಿಗಿಯಾಗಿ.

ಊದಿದರೆ ಚೀಲ ಉಬ್ಬುತ್ತದೆ. ಕೆನ್ನೆ ಉಬ್ಬುತ್ತದೆ. ದನಿ ಮಾತ್ರ ಹೊರಡುವುದಿಲ್ಲ.

ಅವಳನ್ನು ಕರೆದು ಕೇಳಿದೆ. ಮುಖ ನೋಡಲಿಲ್ಲ. ‘ಮಮ್ಮಿ, ಇಟ್ಸ್ ನಾರ್ಮಲ್. ಎವ್ರಿ ಬ್ಯಾಂಡ್ ಡಸ್ ಇಟ್.’

‘ಯಾವಾಗಿಂದ?’

‘ಲಾಸ್ಟ್ ಇಯರ್.’

ಹೋದ ವರ್ಷದಿಂದ! ಸಂಕ್ರಾಂತಿ ಕಾರ್ಯಕ್ರಮ, ಶಾಲೆಯ ವಾರ್ಷಿಕೋತ್ಸವ, ಗ್ರೂಪಿಗೆ ಹಾಕಿದ ವೀಡಿಯೊ. ಎಲ್ಲದರಲ್ಲೂ ನನ್ನ ಮಗಳು ಮೂಕಿ. ನಾನು ಎದೆ ಉಬ್ಬಿಸಿಕೊಂಡು ಕೇಳಿದ್ದು ಬೇರೆಯವರ ಮಕ್ಕಳ ದನಿ.

ಅಕ್ಟೋಬರ್ 5

ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋದೆ. ಜಗಳಕ್ಕೇ ಹೋಗಿದ್ದೆ. ಆಂಥೋನಿ ಸರ್ ಕುರ್ಚಿ ಕೊಟ್ಟರು, ಚಹಾ ತರಿಸಿದರು. ಒಳ್ಳೆಯತನ ತೋರಿಸುವವರ ಜೊತೆ ಜಗಳವಾಡುವುದು ಕಷ್ಟ.

‘ಬೇಸರ ಮಾಡ್ಬೇಡಿ ಮಂಗಳಾ ಅವ್ರೇ. ಅವಳ ಬೆರಳು ನಂಬರ್ ಒನ್. ಕುಶಾಲನಿಗಿಂತ ಚಂದ ಉಂಟು. ಆದ್ರೆ ಎಂತ ಮಾಡುದು, ಚೀಲ ಒಂದೇ ಸಮ ಒತ್ಲಿಕ್ಕೆ ಬರುದಿಲ್ಲ. ದನಿ ಮೇಲೆ ಕೆಳಗೆ ಹೋಗ್ತದೆ. ಒಬ್ಬಳು ಜಾರಿದ್ರೆ ಇಡೀ ಬ್ಯಾಂಡ್ ಜಾರಿದ ಹಾಗೆ ಕೇಳ್ತದೆ.’

‘ಮತ್ತ ಯಾಕ ಆರಿಸಿದ್ರಿ ಸರ್?’

‘ಎಂಟು ಜನ ಬೇಕಲ್ಲ.’

ಇಷ್ಟೇ. ಎಂಟು ಜನ ಬೇಕು. ನನ್ನ ಮಗಳು ತಲೆ ಲೆಕ್ಕಕ್ಕೆ.

‘ಎಲ್ಲ ಬ್ಯಾಂಡಲ್ಲೂ ಒಬ್ಬಿಬ್ರು ಹೀಗೆ ಇರ್ತಾರೆ. ಹೊರಗೆ ಯಾರೂ ಹೇಳುದಿಲ್ಲ’ ಎಂದರು. ನಾಚಿಕೆ ಇತ್ತು ಅವರ ಮುಖದಲ್ಲಿ, ಇಲ್ಲವೆನ್ನಲಾರೆ.

‘ಚೀಲ ಒತ್ತೂದು ಹೆಂಗ ಬರಬೇಕ್ರಿ ಆಕಿಗೆ? ಊದಾಕ ಜಾಗಾನ ಇಲ್ಲ. ವಿಲ್ಲಾ ಇದ್ದವರ ಮಕ್ಕಳಿಗೆ ದನಿ, ಫ್ಲ್ಯಾಟಿನ ಮಕ್ಕಳಿಗೆ ಬೂಚು. ಹೌದಿಲ್ರಿ?’

ಚಹಾದ ಲೋಟ ಪಕ್ಕಕ್ಕೆ ಸರಿಸಿದರು. ‘ದಿನಾ ಅರ್ಧ ಗಂಟೆ ಎಲ್ಲಿಯಾದ್ರೂ ಹೊರಗೆ ಊದಿಸಿ. ಸ್ಪರ್ಧೆಯ ವಾರ ನಾನು ಕೇಳ್ತೇನೆ. ಸರಿ ಇದ್ರೆ ಬೂಚು ನಾನೇ ತೆಗೀತೇನೆ. ಪ್ರಾಮಿಸ್.’

ನಂಬಿ ಬಂದೆ.

ಅಕ್ಟೋಬರ್ 7

ಜಾಗ ಸಿಕ್ಕಿತು. ಫರ್ವಾನಿಯಾ ಆಚೆ, ಏರ್‌ಪೋರ್ಟ್ ಬೇಲಿಯ ಹತ್ತಿರ ಖಾಲಿ ಮರಳು. ಮೇಲೆ ವಿಮಾನ ಗುಡುಗುತ್ತಿರುತ್ತದೆ, ಯಾರ ನಿದ್ದೆಯೂ ಕೆಡುವುದಿಲ್ಲ. ನಮ್ಮ ಯಜಮಾನರು ಸಂಗಪ್ಪನವರು ಶುಐಬಾದ ಪ್ಲಾಂಟಿನಿಂದ ಶಿಫ್ಟ್ ಮುಗಿಸಿ ಬಂದವರು ಊಟವನ್ನೂ ಮಾಡದೆ ಕಾರು ತೆಗೆದರು.

ಬೂಚು ತೆಗೆದು, ರೀಡ್ ಹಾಕಿ, ಊದಿದಳು.

ಅಯ್ಯೋ.

ಆಂಥೋನಿ ಸರ್ ಹೇಳಿದ್ದು ಸುಳ್ಳಲ್ಲ. ಒಮ್ಮೆ ಕಿರುಚುತ್ತದೆ, ಒಮ್ಮೆ ನರಳುತ್ತದೆ. ಸಂಗಪ್ಪನವರು ಟೈರ್ ನೋಡುವ ನೆಪದಲ್ಲಿ ಕಾರಿನ ಹಿಂದೆ ಹೋಗಿ ನಿಂತರು.

ಅಕ್ಟೋಬರ್ 13

ದಿನಾ ಹೋಗುತ್ತಿದ್ದೇವೆ. ನನಗೂ ಈಗ ಅರ್ಧ ಕೋಚ್ ಆಗುವಷ್ಟು ಬಂದಿದೆ. ‘ಮೊಣಕೈ! ಮೊಣಕೈ ಸಡಿಲ ಆತು!’ ಎಂದು ಕೂಗುತ್ತೇನೆ. ಉಸಿರು ಎಳೆದುಕೊಳ್ಳುವಾಗ ಚೀಲ ಒತ್ತಬೇಕು, ಊದುವಾಗ ಒತ್ತಡ ಬಿಡಬೇಕು. ಎರಡರ ನಡುವೆ ದನಿಗೆ ಗೊತ್ತೇ ಆಗಬಾರದು. ಇಷ್ಟು ಸುಲಭ ಹೇಳುವುದಕ್ಕೆ.

ಇವತ್ತು ಪೊಲೀಸ್ ಗಾಡಿ ಬಂತು. ಪೊಲೀಸಿನವನು ಇಳಿದ. ಸಿವಿಲ್ ಐಡಿ ನೋಡಿದ, ಪೆಟ್ಟಿಗೆ ನೋಡಿದ, ಪೈಪ್ ನೋಡಿ ನಕ್ಕ. ‘ಹಬ್ಬಾನ್!’ ಇವರಲ್ಲೂ ಇಂಥದ್ದೇ ಒಂದು ಚೀಲದ ವಾದ್ಯ ಇದೆಯಂತೆ, ಅವನ ಅಜ್ಜ ಮದುವೆಗಳಲ್ಲಿ ಊದುತ್ತಿದ್ದನಂತೆ. ‘ಯಲ್ಲಾ, ಪ್ಲೇ’ ಎಂದ. ಸೌಂದರ್ಯಾ ಊದಿದಳು. ಒಂದು ಇಡೀ ಟ್ಯೂನ್, ಜಾರದೆ. ಅವನು ಚಪ್ಪಾಳೆ ತಟ್ಟಿ ಗಾಡಿ ಹತ್ತಿದ.

ಮಗಳ ಮುಖದಲ್ಲಿ ಅಂಥ ನಗು ನೋಡಿ ಎಷ್ಟು ಕಾಲವಾಗಿತ್ತು.

ಅಕ್ಟೋಬರ್ 22

ವಿಮಾನವಿಲ್ಲದ ಹತ್ತು ನಿಮಿಷ ಸಿಕ್ಕಿತು. ಸ್ಪರ್ಧೆಯ ಟ್ಯೂನುಗಳ ಇಡೀ ಸೆಟ್ ಊದಿದಳು. ದನಿ ಮರಳಿನ ಮೇಲೆ ನೆಟ್ಟಗೆ ನಿಂತಿತು. ನಾನು ಅತ್ತೆ. ಕಾರಿನೊಳಗೆ ಕೂತು, ದುಪಟ್ಟಾ ಬಾಯಿಗೆ ಒತ್ತಿಕೊಂಡು ಅತ್ತೆ. ಇದು ನನ್ನ ಮಗಳದೇ ದನಿ. ಗುಂಪಿನಲ್ಲಿ ಊಹಿಸಿಕೊಂಡದ್ದಲ್ಲ.

ಅಕ್ಟೋಬರ್ 27, ಸೋಮವಾರ

ಆಂಥೋನಿ ಸರ್ ಕೇಳಿದರು. ಕಣ್ಣು ಮುಚ್ಚಿ ಕೇಳಿದರು. ನಂತರ ನಾಲ್ಕು ಬೂಚನ್ನೂ ಜೇಬಿಗೆ ಹಾಕಿಕೊಂಡು ‘ಇನ್ನು ಬೇಡ ಇದು’ ಎಂದರು.

ಶೇಂಗಾ ಹೋಳಿಗೆ ಮಾಡಿದೆ. ಅವರಿಗೂ ಒಂದು ಡಬ್ಬಿ ಕಳಿಸಿದೆ.

ಅಕ್ಟೋಬರ್ 31, ಶುಕ್ರವಾರ

ಬ್ಯಾಂಡಿಗೆ ಎರಡನೇ ಬಹುಮಾನ. ಈಗ ಬರೆಯಲಾರೆ.

ನವೆಂಬರ್ 1

ಎಸಿ ಹಾಲ್‌ನಲ್ಲಿ ನಿನ್ನೆ ಮಕ್ಕಳು ಶ್ರುತಿ ಮಾಡಿಕೊಂಡು ಮೈದಾನಕ್ಕೆ ಬಂದರು. ಸಂಜೆಯಾಗಿದ್ದರೂ ನೆಲ ಕಾದಿತ್ತು. ಬಿಸಿಗೆ ಪೈಪಿನ ದನಿ ಏರುತ್ತದೆ, ಎಲ್ಲರದೂ ಏರಿತು. ನಾನು ಹಗ್ಗದ ಆಚೆ ನಿಂತಿದ್ದೆ. ಆಂಥೋನಿ ಸರ್ ಒಬ್ಬೊಬ್ಬರ ಹತ್ತಿರ ಕಿವಿ ಇಟ್ಟು ಸರಿಪಡಿಸುತ್ತಾ ಬಂದರು. ಸೌಂದರ್ಯಾಳ ಹತ್ತಿರ ಬಂದವರು ನಿಂತೇಬಿಟ್ಟರು. ಸಾಲು ಕರೆಯುವ ಹೊತ್ತಾಗಿತ್ತು.

‘ನಿನ್ನ ರೀಡ್ ಹೊಸತು ಮಗಾ, ಇನ್ನೂ ಶ್ರುತಿಗೆ ನಿಂತಿಲ್ಲ. ರಿಸ್ಕ್ ಬೇಡ.’

ಜೇಬಿಗೆ ಕೈ ಹಾಕಿದರು. ಇನ್ನು ಬೇಡ ಎಂದವರು ಆ ಬೂಚುಗಳನ್ನು ಮೈದಾನಕ್ಕೆ ಯಾಕೆ ತಂದಿದ್ದರು? ಹೆಬ್ಬೆರಳಿನಿಂದ ಒಂದೊಂದನ್ನೇ ಒತ್ತಿ ತುರುಕಿದರು. ಅವಳು ಪ್ರತಿಯೊಂದು ಕೊಳವೆಯನ್ನೂ ತಾನೇ ಕಳಚಿ ಅವರ ಕೈಗೆ ಕೊಟ್ಟಳು.

ಒಳಗೆ ನುಗ್ಗಿ ಅವಳ ಕೈ ಹಿಡಿದು ಎಳೆದುಕೊಂಡು ಬರಬಹುದಿತ್ತು. ಬಂದಿದ್ದರೆ ಏಳೇ ಜನ. ಬ್ಯಾಂಡ್ ಔಟ್. ಉಳಿದ ಮಕ್ಕಳು ನನ್ನ ಮುಖ ನೋಡುತ್ತಿದ್ದರು. ಕುಶಾಲ್ ಕೂಡ, ಪಾಪ, ಅವನೂ ಮಗುವೇ. ನಾನು ಹಗ್ಗ ಹಿಡಿದುಕೊಂಡು ನಿಂತೆ. ಆ ಹಗ್ಗವನ್ನು ಈಗಲೂ ಬೈಯುತ್ತಿದ್ದೇನೆ, ನನ್ನನ್ನು ಬೈದುಕೊಳ್ಳುವ ಬದಲು.

ಇನ್ನೂ ಇದೆ. ಡ್ರೆಸ್ ಅಂಡ್ ಡಿಪೋರ್ಟ್‌ಮೆಂಟ್ ಎಂದು ಒಂದು ಬಹುಮಾನ. ಸಮವಸ್ತ್ರ, ನಿಲುವು, ನಡಿಗೆ ಯಾರದು ಚೆಂದವೋ ಅವರಿಗೆ. ಮೈಕ್‌ನಲ್ಲಿ ಕೂಗಿದರು: ಸೌಂದರ್ಯಾ. ಸ್ಕಾಟ್ಲೆಂಡ್‌ನ ಜಡ್ಜ್ ಅವಳ ಕೈ ಕುಲುಕಿ, ‘ಲವ್ಲಿ ಫಿಂಗರ್ಸ್’ ಎಂದರು. ದನಿಯ ಗೊಡವೆ ಇಲ್ಲದಿದ್ದರೆ ಯಾರ ನಿಲುವು ಚೆಂದವಿರುವುದಿಲ್ಲ ಹೇಳಿ! ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಆಂಥೋನಿ ಸರ್.

ಕಾರಿನಲ್ಲಿ ಯಜಮಾನರೆಂದರು: ‘ಕಪ್ ಬಂತಲ್ಲ ಮಂಗಳಾ. ಇನ್ನೇನ ಬೇಕ ನಿನಗ?’

‘ಆಕಿ ದನಿ ಬೇಕು ನನಗ.’

ಹಿಂದಿನ ಸೀಟಿನಲ್ಲಿ ಅವಳು ಕಪ್ಪಿನ ಫೋಟೊಗೆ ಬಂದ ಲೈಕುಗಳನ್ನು ನೋಡುತ್ತಿದ್ದಳು.

ನವೆಂಬರ್ 4

ಮಧುಸೂದನ್ ಫೋನ್. ಹದಿನಾಲ್ಕಕ್ಕೆ ಸಂಘದ ರಾಜ್ಯೋತ್ಸವ, ಸೌಂದರ್ಯಾಳಿಗೆ ಸನ್ಮಾನ, ಜೊತೆಗೆ ಒಂದು ಟ್ಯೂನ್. ಮಾತು ಮುಗಿಯುವ ಮೊದಲೇ ಹೂಂ ಎಂದೆ. ಒಬ್ಬಳೇ, ವೇದಿಕೆ ಮೇಲೆ, ಯಾರ ಹೆಬ್ಬೆರಳಿಗೂ ಸಿಗದ ಹಾಗೆ. ಕೇಳಲಿ ಎಲ್ಲರೂ!

ನವೆಂಬರ್ 11

ಸೌಂದರ್ಯಾಳಿಗೆ ಫರ್ವಾನಿಯಾ ಬೇಡವಂತೆ. ಒಂದು ದಿನ ಟೆಸ್ಟ್, ಒಂದು ದಿನ ತಲೆನೋವು, ಇವತ್ತು ಏನೂ ಹೇಳದೆ ರೂಮಿನ ಬಾಗಿಲು ಹಾಕಿಕೊಂಡಳು. ಯಜಮಾನರು ಕಾರಿನ ಕೀ ಹಿಡಿದುಕೊಂಡು ನಿಂತು, ಮತ್ತೆ ಮೊಳೆಗೆ ಸಿಕ್ಕಿಸಿದರು.

ಮಧುಸೂದನ್ ಮತ್ತೆ ಫೋನ್ ಮಾಡಿದ್ದರು. ಕುಶಾಲ್ ಬೂಚಿನ ವಿಷಯವೆಲ್ಲ ಹೇಳಿರಬೇಕು. ‘ಮೇಡಂ, ಟೆನ್ಷನ್ ಬೇಡ. ನಮ್ಮ ಕುಶಾಲ್ ಊದಿರೋ ರೆಕಾರ್ಡಿಂಗ್ ಇದೆ. ಅದನ್ನ ಪ್ಲೇ ಮಾಡ್ತೀವಿ, ಅವಳು ಸುಮ್ನೆ ನಿಂತ್ರೆ ಆಯ್ತು. ಯಾರಿಗೆ ಗೊತ್ತಾಗತ್ತೆ?’

‘ನನಗ ಗೊತ್ತಾಗ್ತದ್ರಿ’ ಎಂದೆ. ಫೋನ್ ಇಟ್ಟೆ.

ನವೆಂಬರ್ 14, ಶುಕ್ರವಾರ, ಸಂಜೆ

ಸಭಾಂಗಣದಿಂದ. ಎರಡನೇ ಸಾಲಿನಲ್ಲಿ ಕೂತಿದ್ದೇನೆ.

ಬೆಳಿಗ್ಗೆಯೇ ಬೂಚು ತೆಗೆದು, ರೀಡ್ ಹಾಕಿ, ಪೈಪ್ ಸಿದ್ಧ ಮಾಡಿ ಇಟ್ಟಿದ್ದೆ. ಇಲ್ಲಿ ಬಂದು ವೇದಿಕೆಯ ಹಿಂದೆ ಪೆಟ್ಟಿಗೆ ತೆರೆದವಳು ಕೇಳಿದಳು: ‘ಮಮ್ಮಿ, ವೇರ್ ಆರ್ ದೇ?’

‘ಏನು?’

ಗೊತ್ತಿದ್ದೇ ಕೇಳಿದೆ. ಅವಳು ನನ್ನ ವ್ಯಾನಿಟಿ ಬ್ಯಾಗಿಗೆ ಕೈ ಹಾಕಿ ಹುಡುಕಿ ನಾಲ್ಕೂ ಬೂಚು ತೆಗೆದಳು.

‘ನಿನಗ ಈಗ ಬರ್ತದಲ್ಲವಾ. ಎಷ್ಟ ಚಂದ ಊದ್ತಿ.’

‘ಐ ನೋ.’

‘ಮತ್ತ ಯಾಕ?’

ಒಂದೊಂದೇ ಒತ್ತಿ ತುರುಕುತ್ತಾ ಹೇಳಿದಳು, ಸಿಟ್ಟಿಲ್ಲದೆ, ದುಃಖವೂ ಇಲ್ಲದೆ: ‘ಊದಿದ್ರೆ ತಪ್ಪಾಗಬಹುದು ಮಮ್ಮಿ. ದಿಸ್ ವೇ ಐ ನೆವರ್ ಗೋ ರಾಂಗ್.’

ರೆಕಾರ್ಡಿಂಗ್ ಇದ್ದ ಪೆನ್ ಡ್ರೈವ್ ಆಗಲೇ ಸೌಂಡಿನವನ ಕೈ ಸೇರಿತ್ತು. ನನಗೆ ಹೇಳದೆ ಕುಶಾಲನಿಂದ ಅವಳೇ ಕೇಳಿ ತಂದಿದ್ದಳು.

ಈಗಷ್ಟೇ ಮುಗಿಯಿತು. ಸ್ಪೀಕರಿನಿಂದ ಕುಶಾಲನ ದನಿ, ಅದರ ಮೇಲೆ ನನ್ನ ಮಗಳ ಬೆರಳು. ಒಂದು ಸ್ವರವೂ ತಪ್ಪಲಿಲ್ಲ. ಕೆನ್ನೆ ಉಬ್ಬಿದ್ದು ಉಬ್ಬಿದಂತೆಯೇ ಇತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ. ಶಾಲು ಹೊದಿಸುತ್ತಿದ್ದಾರೆ. ಅವಳು ಕೈ ಮುಗಿದು ನಗುತ್ತಿದ್ದಾಳೆ, ಜನರನ್ನು ನೋಡಿ, ಕ್ಯಾಮೆರಾ ನೋಡಿ. ನನ್ನನ್ನು ಬಿಟ್ಟು ಎಲ್ಲರನ್ನೂ ನೋಡುತ್ತಿದ್ದಾಳೆ.

ಮಧುಸೂದನ್ ಮೈಕ್‌ನಲ್ಲಿ ನನ್ನ ಹೆಸರು ಹೇಳುತ್ತಿದ್ದಾರೆ. ‘ಇಂಥ ಮಗಳನ್ನು ಪಡೆದ ತಾಯಿ, ಎರಡು ಮಾತು...’ ಪಕ್ಕದಲ್ಲಿ ಯಜಮಾನರು ಮೊಣಕೈಯಿಂದ ತಿವಿದು ‘ಏಳ ಮಂಗಳಾ, ಮಂದಿ ನೋಡಾಕತ್ತಾರ’ ಎನ್ನುತ್ತಿದ್ದಾರೆ. ಮೈಕ್ ಹಿಡಿದರೆ ನನಗೆ ಮಾತು ಮರೆತುಹೋಗುತ್ತದೆ. ಇಲ್ಲೇ ಬರೆದುಕೊಂಡು ಹೋಗುತ್ತೇನೆ, ನೋಡಿ ಓದಿಬಿಡುತ್ತೇನೆ.

ಎಲ್ಲರಿಗೂ ನಮಸ್ಕಾರ. ನೀವು ಈಗ ಕೇಳಿದ ಈ ದನಿ ನನ್ನ ಮಗಳು ಸೌಂದರ್ಯಾಳದ...