ರೆಕ್ಕೆ ಬಡಿಯುವ ಬಾತು

ಎರ್ಫುರ್ಟ್
೧೪ ಅಕ್ಟೋಬರ್ ೧೯೯೮

ನನ್ನ ಮುದ್ದಿನ ರೋಸಿಗೆ,

ಅಕ್ಕನ ಪ್ರೀತಿಯ ನೆನಪುಗಳು. ನಿನ್ನ ಹುಟ್ಟುಹಬ್ಬಕ್ಕೆ ತಲುಪಬೇಕಿದ್ದ ಕಾಗದ ಇದು, ಮೂರು ವಾರ ತಡ. ಬೈಯಬೇಡ ಮಾರಾಯ್ತಿ, ಎರಡು ಸಲ ಬರೆದು ಹರಿದುಹಾಕಿದೆ.

ನಮ್ಮ ಹಿರಿಯರ ಸಂಘದವರು ಗುಡ್ಡದ ಮೇಲಿನ, ನಾಜಿಗಳ ಕಾಲದ ಬಂದಿಗಳ ಶಿಬಿರಕ್ಕೆ ಒಂದು ದಿನದ ಪ್ರವಾಸ ಇಟ್ಟಿದ್ದರು. ಬಸ್ಸು, ಗೈಡು, ಬರುವಾಗ ಕಾಫಿ ಮತ್ತು ಪ್ಲಮ್ ಕೇಕು. ಪಕ್ಕದ ಮನೆಯ ಹಿಲ್ಡೆ ಬಂದದ್ದೇ ಕೇಕಿಗಾಗಿ. ನಮ್ಮ ಹಳೇ ಮನೆಯ ಕಿಟಕಿಯಿಂದ ಆ ಗುಡ್ಡ ಕಾಣುತ್ತಿತ್ತಲ್ಲ, ಆದರೂ ನಾನು ಒಳಗೆ ಕಾಲಿಟ್ಟಿರಲಿಲ್ಲ. ಯುದ್ಧ ಮುಗಿದ ಮೇಲೆ ಶಾಲೆಯಿಂದ ಅಲ್ಲಿಗೆ ಕರೆದೊಯ್ದ ದಿನ ಅಪ್ಪ ನನಗೆ ಜ್ವರವೆಂದು ಚೀಟಿ ಬರೆದುಕೊಟ್ಟಿದ್ದ. ನನಗೆ ಜ್ವರವಿರಲಿಲ್ಲ.

ನನ್ನ ಬಾಯಿ ಗೊತ್ತಲ್ಲ. ಚಳಿಗೆ ಏನು ಹೊದೆಯುತ್ತಿದ್ದರು, ಮರದ ಚಪ್ಪಲಿ ಯಾರು ಮಾಡುತ್ತಿದ್ದರು, ಕಾವಲಿನವರ ಮಕ್ಕಳು ಎಲ್ಲಿ ಆಡುತ್ತಿದ್ದವು, ಕೇಳಿದ್ದೇ ಕೇಳಿದ್ದು.

"ಏ ಫ್ರೀಡಾ, ಪರೀಕ್ಷೆ ಕಟ್ಟಿದ್ದೀಯೇನೇ? ಸುಮ್ನೆ ನೋಡ್ಕೊಂಡು ಬಾ," ಎಂದು ಹಿಲ್ಡೆ ಗೊಣಗಿದಳು.

ಗೈಡ್ ಹುಡುಗಿ ಯಾನಾ ನಕ್ಕಳು. "ಕೇಳ್ಲಿ ಬಿಡಿ. ಮಕ್ಕಳ ವಿಷಯ ಕೇಳಿದ್ರಲ್ಲ, ಬನ್ನಿ ಅಮ್ಮಾ, ಇಲ್ಲಿ ನೋಡಿ."

ಗಾಜಿನ ಪೆಟ್ಟಿಗೆಯಲ್ಲಿ ಮರದ ಕರಡಿ, ಮರದ ಕುದುರೆ. ಕ್ರಿಸ್ಮಸ್ಸಿಗೆ ಕಾವಲಿನವರು ತಮ್ಮ ಮಕ್ಕಳಿಗೆಂದು ಬಂದಿಗಳಿಂದ ಮಾಡಿಸಿಕೊಳ್ಳುತ್ತಿದ್ದರಂತೆ. ಕೆಲವು ಬಂದಿಗಳು ಆಟಿಕೆಯ ಹೊಟ್ಟೆಯಡಿ ತಮ್ಮ ನಂಬರನ್ನು ಗುಟ್ಟಾಗಿ ಕೆತ್ತಿಡುತ್ತಿದ್ದರು. "ಬ್ರ್ನೋ ಊರಿಂದ ಒಬ್ರು ಹೆಂಗಸು ಪ್ರತಿ ವರ್ಷ ಕಾಗದ ಬರೀತಾರೆ," ಎಂದಳು ಯಾನಾ. "ಅವರಪ್ಪ ಇಲ್ಲಿ ಬಂದಿಯಾಗಿದ್ದಾಗ ಚಕ್ರದ ಬಾತು ಮಾಡ್ತಿದ್ರಂತೆ, ಎಳೆದ್ರೆ ರೆಕ್ಕೆ ಬಡಿಯೋದು. ಅಪ್ಪಂದು ಅಂತ ಅವ್ರ ಹತ್ರ ಏನೂ ಇಲ್ಲ, ನಂಬರ್ ಒಂದೇ. ಅಂಥ ಬಾತು ಇದುವರೆಗೆ ಒಂದೂ ಸಿಕ್ಕಿಲ್ಲ."

ಅಲ್ಲಿಂದ ಮುಂದೆ ನಾನು ಒಂದೂ ಪ್ರಶ್ನೆ ಕೇಳಲಿಲ್ಲ. ಹಿಲ್ಡೆ ಗಾಬರಿಯಾಗಿ ನನಗೆ ಪುದೀನ ಮಿಠಾಯಿ ಕೊಟ್ಟಳು. ಆಮೇಲೆ ನನ್ನ ಪಾಲಿನ ಕೇಕನ್ನೂ ಅವಳೇ ತಿಂದಳು.

ರೋಸಿ, ನಿನ್ನ ಮೊಮ್ಮಗ ತೋರ್ಬೆನ್ ಮನೆಯೆಲ್ಲ ಎಳೆದಾಡುವ ಬಾತು ಅದೇ. ಅಪ್ಪ ಸಂತೆಯಲ್ಲಿ ಕೊಂಡೆ ಎಂದಿದ್ದ. "ಅಪ್ಪ ಮರದ ಡಿಪೋದಲ್ಲಿ ಗುಮಾಸ್ತ ಆಗಿದ್ರು ಕಣೇ, ಸತ್ತವರನ್ನ ಯಾಕೆ ಕೆದಕ್ತೀಯ?" ಎಂದು ನೀನು ರೇಗುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ರೇಗು. ನನಗೂ ಅಪ್ಪನ ಮೇಲೆ ಪ್ರೀತಿಯಿತ್ತು, ಅದಕ್ಕೇ ಸಂಕಟ. ಆದರೆ ಬಾತು ಆ ಮಗಳಿಗೆ ಸೇರಬೇಕು. ಅವಳಪ್ಪನ ನಂಬರನ್ನು ಹೊರಡುವಾಗ ಯಾನಾಳಿಂದ ಬರೆಸಿಕೊಂಡು ಬಂದೆ. ಕೊನೆಯ ಅಂಕಿ ಏಳು.

ತೋರ್ಬೆನ್‌ಗೆ ಬೇರೆ ಆಟಿಕೆ ನಾನು ಕಳಿಸುತ್ತೇನೆ. ಅವನಿಗೆ ಮುತ್ತು, ನಿನಗೆ ಆಯುಸ್ಸು, ಆರೋಗ್ಯ, ಎಲ್ಲವೂ ಸಿಗಲಿ.

ನಿನ್ನ ಅಕ್ಕ,
ಎಲ್ಫ್ರೀಡಾ

ತಾ.ಕ.: ಬಾತನ್ನು ತಿರುಗಿಸಿದರೆ ನಿನಗೆ ನಂಬರ್ ಕಾಣುವುದಿಲ್ಲ. ಅಳಿಸಿದವಳು ನಾನು. ಅಮೆರಿಕದ ಸೈನಿಕರು ಬರುವ ಹಿಂದಿನ ದಿನ ಅಪ್ಪ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮರ ಉಜ್ಜುವ ಒರಟು ಕಾಗದ ಕೈಗಿಟ್ಟು, "ಉಜ್ಜು ಪುಟ್ಟೀ, ರೋಸಿಗೆ ಸಿಬಿರು ಚುಚ್ಚಬಾರ್ದು," ಎಂದ. ನನಗೆ ಆರು ವರ್ಷ. ಖುಷಿಯಿಂದ ಉಜ್ಜಿದೆ. ಕೊನೆಯ ಅಂಕಿ ಆಳವಾಗಿತ್ತು, ಪೂರ್ತಿ ಹೋಗುವ ಮೊದಲೇ ಅಮ್ಮ ಊಟಕ್ಕೆ ಕರೆದಳು. ಅದು ಏಳೇ ಇರಬೇಕು, ಉಗುರಿನಿಂದ ತಡವಿ ನೋಡು. ಅಪ್ಪ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡದ್ದು ನನಗೆ ನೆನಪಿರುವುದು ಅದೊಂದೇ ಸಲ.